ಕೆಂಪರಾಜು ಅಡಿಗಿದ

ಎಗುವಪಾಳ್ಯ
6-3-2005

ಮೊಮ್ಮಗಳು ತನುಜಮ್ಮನಿಗೆ ನಿನ್ನ ಅವ್ವ ಮುನಿಶಾಮಮ್ಮ ಬರೆಯುವುದು.

ನೀನು ಬಿಜಾಪುರದ ಕಡೆ ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ಸೇರಿದ ಮೇಲೆ ಎರಡು ಕಾಗದ ಬರೆದೆ. ಎರಡರಲ್ಲೂ ನಿಮ್ಮ ಜಡ್ಜ್ ಸಾಹೇಬರ ವಿಷಯವೇ. ಊಟಕ್ಕೆ ಏನು ಮಾಡುತ್ತೀಯ ಎಂದು ಒಂದು ಸಾಲು ಇಲ್ಲ.

ಇಲ್ಲಿಯ ಸುದ್ದಿ ಕೇಳು. ಪಂಚಾಯ್ತಿ ಎಲೆಕ್ಷನ್ನಿನಲ್ಲಿ ನಿಮ್ಮಮ್ಮ ಸೋತಳು. ಎರಡೇ ಓಟಿನಲ್ಲಿ. ಗೆದ್ದವಳು ಶ್ಯಾಮಲಮ್ಮ. ನಿಮ್ಮಮ್ಮನಿಗೆ ಹಿಂದಿನ ದಿನದಿಂದ ಜ್ವರ, ಅವಳ ಕಡೆಯಿಂದ ಎಣಿಕೆಗೆ ಹೋದವರು ಇಬ್ಬರೇ, ನಾನು ಮತ್ತು ಕೆಂಪರಾಜು. ನಮ್ಮ ಬೀದಿಯ ಕೊಂಡಮ್ಮನ ಗಂಡ, ಟೈಲರ್ ಕೆಂಪರಾಜು. ಮಾಗಡಿ ಕಡೆಯಿಂದ ಅಳಿಯನಾಗಿ ಬಂದು ಇಷ್ಟು ವರ್ಷವಾದರೂ ನಮ್ಮ ಮನೆಮಾತು ತೆಲುಗು ಅವನ ನಾಲಗೆಗೆ ಹತ್ತಿಲ್ಲ. ಆದರೂ ಏಜೆಂಟ್ ಆಗು ಅಂದಾಗ ಮಿಕ್ಕವರೆಲ್ಲ ಹೊಲದ ಕೆಲಸ ಇದೆ ಅಂದರು, ಅವನೊಬ್ಬ ಆಯ್ತು ಅವ್ವ ಅಂದ.

ಸೀಲು ಗೆರೆಯ ಮೇಲೆ ಬಿದ್ದಿದೆ ಎಂದು ನಮ್ಮ ಕೆಲವು ಓಟುಗಳನ್ನು ಪಕ್ಕಕ್ಕೆ ತಳ್ಳಿದರು. ನನ್ನ ಕಣ್ಣಿಗೆ ಗೆರೆಯೂ ಕಾಣಲಿಲ್ಲ, ಸೀಲೂ ಕಾಣಲಿಲ್ಲ. ಕೆಂಪರಾಜು ಎದ್ದು ಕೇಳಿದ. "ಸಾರ್, ಇನ್ನೊಂದ್ಸಲ ಎಣಿಸಿ." ಆಫೀಸರು ತಲೆ ಎತ್ತಲಿಲ್ಲ. ಮತ್ತೆ ಕೇಳಿದ. "ಹೋಗ್ರೀ ಹೊರಗೆ, ಇನ್ನೂ ಮೂರು ಪಂಚಾಯ್ತಿ ಎಣಿಸ್ಬೇಕು ನಾನು" ಅಂದರು. ಅಷ್ಟರಲ್ಲಿ ಹೊರಗೆ ಶ್ಯಾಮಲಮ್ಮನ ಕೊರಳಿಗೆ ಹಾರ ಬಿದ್ದಾಗಿತ್ತು.

ಹೋಯಿತು ಬಿಡು. ಈ ವಿಷಯ ನಾನು ಇನ್ನು ಎತ್ತುವುದಿಲ್ಲ.

ನಿನ್ನ ಅವ್ವ


ಬಿಜಾಪುರ
14-3-2005

ಅವ್ವನಿಗೆ ತನುಜಳ ನಮಸ್ಕಾರ.

ಬಿಡು ಅನ್ನಬೇಡ ಅವ್ವ. ಫಲಿತಾಂಶ ಬಂದು ಒಂದು ತಿಂಗಳೊಳಗೆ ಕೋರ್ಟಿಗೆ ಅರ್ಜಿ ಹಾಕಬಹುದು. ಅಮ್ಮನಿಗೆ ಹೇಳು. ಅನಂತರಾಮಯ್ಯನವರನ್ನು ನೋಡಿ, ಅವರು ಒಳ್ಳೆಯ ಲಾಯರು ಎಂದು ಹಿಂದೆ ಅಪ್ಪ ಹೇಳುತ್ತಿದ್ದರು.

ನಾನು ಇಲ್ಲಿ ದಿನವೂ ನೋಡುತ್ತೇನೆ. ಎಂಥೆಂಥವರು ಬಂದು ಕಟಕಟೆಯಲ್ಲಿ ನಿಲ್ಲುತ್ತಾರೆ, ಸಾಹೇಬರು ಎಲ್ಲರ ಮಾತನ್ನೂ ಒಂದೇ ರೀತಿ ಬರೆಸುತ್ತಾರೆ. ಬರೆದದ್ದನ್ನು ಸಾಕ್ಷಿಗೆ ಓದಿ ಹೇಳುತ್ತಾರೆ. ಸರಿ ಇದೆ ಅಂದರೆ ಮಾತ್ರ ರುಜು. ಆ ಎಣಿಕೆ ಕೋಣೆಯಲ್ಲಿ ನಿಮ್ಮ ಮಾತು ಯಾರೂ ಕೇಳಲಿಲ್ಲ. ಇಲ್ಲಿ ಕೇಳುತ್ತಾರೆ.

ಊಟಕ್ಕೆ ಜೋಳದ ರೊಟ್ಟಿ. ಇನ್ನೂ ಅಭ್ಯಾಸವಾಗಿಲ್ಲ.

ತನುಜ


ಎಗುವಪಾಳ್ಯ
19-8-2006

ತನುಜಮ್ಮನಿಗೆ,

ನಿನ್ನ ಮಾತು ಕೇಳಿ ಕೋರ್ಟಿಗೆ ಹಾಕಿ ಒಂದೂವರೆ ವರ್ಷವಾಯಿತು. ಮೊದಲು ಶ್ಯಾಮಲಮ್ಮನಿಗೆ ನೋಟೀಸು ಮುಟ್ಟಲಿಲ್ಲವೆಂದು ಮುಂದಕ್ಕೆ ಹೋಯಿತು. ಅವಳು ದಿನಾ ಪಂಚಾಯ್ತಿ ಕಟ್ಟೆಯ ಮೇಲೆ ಕೂತಿರುತ್ತಾಳೆ, ನೋಟೀಸು ತಂದವನಿಗೆ ಮಾತ್ರ ಕಾಣುವುದಿಲ್ಲ. ಆಮೇಲೆ ಅವಳ ಲಾಯರಿಗೆ ಹುಷಾರಿಲ್ಲ. ಆಮೇಲೆ ನಮ್ಮ ಅನಂತರಾಮಯ್ಯನವರ ಮಗಳ ಮದುವೆ. ಮೊನ್ನೆ ಎಲ್ಲರೂ ನೆಟ್ಟಗೆ ಬಂದಿದ್ದರು, ಕರೆಂಟ್ ಹೋಯಿತು.

ಹೆಸರು ಕೂಗುತ್ತಾರೆ, ಒಳಗೆ ಹೋಗಿ ಕೈ ಮುಗಿಯುತ್ತೇವೆ, ಮುಂದಿನ ವಾಯಿದೆ ಹೇಳುತ್ತಾರೆ, ಹೊರಗೆ ಬರುತ್ತೇವೆ. ಇಷ್ಟಕ್ಕೆ ಬೆಳಿಗ್ಗೆ ಏಳರ ಬಸ್ಸು.

ಕೆಂಪರಾಜು ಪ್ರತಿ ವಾಯಿದೆಗೂ ಅಂಗಡಿ ಮುಚ್ಚಿ ಬರುತ್ತಾನೆ. ಬರಬೇಡಪ್ಪ ಅಂದರೆ, "ಅವತ್ತು ಬಾಯಿ ಬಿಟ್ಟು ಕೇಳ್ದೋನು ನಾನು, ಇವತ್ತು ಬರ್ದೇ ಇದ್ರೆ ಹೆಂಗೆ" ಅನ್ನುತ್ತಾನೆ. ನಿಮ್ಮಮ್ಮ ಗಟ್ಟಿಯಾಗಿದ್ದಾಳೆ.

ಅವ್ವ


ಎಗುವಪಾಳ್ಯ
22-1-2007

ತನುಜಮ್ಮನಿಗೆ,

ಕೊನೆಗೂ ನನ್ನ ಸಾಕ್ಷಿ ಆಯಿತು. ಅನಂತರಾಮಯ್ಯನವರಿಗೆ ಬೇರೆ ಕಡೆ ಕೆಲಸವಿತ್ತಂತೆ, ಅವರ ಜೂನಿಯರ್ ಒಬ್ಬನನ್ನು ಕಳಿಸಿದ್ದರು. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ ಪಾಪ, ಕರಿಕೋಟು ಮಾತ್ರ ಅವನಿಗಿಂತ ದೊಡ್ಡದು.

ನಾನು ಎಣಿಕೆಯ ದಿನದ್ದೆಲ್ಲ ಮೊದಲಿಂದ ಶುರು ಮಾಡಿದೆ. ಜಡ್ಜ್ ಸಾಹೇಬರು ಕೈ ಎತ್ತಿ, "ಅಜ್ಜಿ, ಕೇಳಿದ್ದಕ್ಕಷ್ಟೇ ಉತ್ತರ ಹೇಳಿ. ಒಂದೇ ಮಾತಲ್ಲಿ ಹೇಳಿ" ಅಂದರು. ನಿನಗೆ ಗೊತ್ತಲ್ಲ, ನನಗೆ ಅದು ಎಷ್ಟು ಕಷ್ಟ. ಆದರೂ ನಾಲಗೆಯನ್ನು ಕಟ್ಟಿಹಾಕಿದೆ.

"ಎಣಿಕೆ ಮುಗಿದಾಗ ನಿಮ್ಮ ಏಜೆಂಟ್ ಏನು ಮಾಡಿದರು?" ಎಂದು ಜೂನಿಯರ್ ಕೇಳಿದ. ಎಣಿಸಿ ಎಂದು ಕೇಳಿದನಲ್ಲ, ಅದನ್ನೇ ಹೇಳಿದೆ. "ಅಡಿಗಿದ ಸ್ವಾಮಿ." ಕಾಗದ ಬರೆಯುವಾಗ ಕನ್ನಡ ಯೋಚಿಸಿ ಯೋಚಿಸಿ ಬರೆಯುತ್ತೇನೆ. ಅಲ್ಲಿ ನಿಂತಾಗ ಮನೆಮಾತೇ ಬಂತು. ಬಂದರೇನು, ನಮ್ಮ ಕಡೆ ಯಾರಿಗೆ ತಿಳಿಯುವುದಿಲ್ಲ?

ಆಮೇಲೆ ಆ ಕಡೆ ಲಾಯರು ಎದ್ದ. ಮೊದಲು ನನ್ನನ್ನೇ ನೋಡಿದ, ಆಮೇಲೆ ನಕ್ಕ.

"ಏನಜ್ಜಿ, ಅವರು ಹಾಗೆ ಮಾಡಿದ್ದು ನೀವು ಕಣ್ಣಾರೆ ನೋಡಿದ್ರಾ?"

"ನನ್ನ ಪಕ್ಕದಲ್ಲೇ ಇದ್ದ. ನೋಡ್ದೆ ಇರ್ತೀನಾ?"

"ಎಷ್ಟು ಸಲ?"

"ಎರಡು ಸಲ."

"ಯಾರಿಗಾದ್ರೂ ಹೆದರಿದ್ರಾ?"

"ಅವನು ಯಾರಿಗೂ ಹೆದರೋನಲ್ಲ. ಎಲ್ಲರ ಮುಂದೇನೇ ಅಡಿಗಿದ."

ಕೋರ್ಟಿನಲ್ಲಿ ಕೂತವರೆಲ್ಲ ನಕ್ಕರು. ಸಾಹೇಬರೂ ಸ್ವಲ್ಪ ನಕ್ಕ ಹಾಗಿತ್ತು. ಮುದುಕಿ ಧೈರ್ಯವಾಗಿ ಹೇಳಿದಳು ಅಂತಲೇ ಇರಬೇಕು. ಕೊನೆಗೆ ನೀನು ಬರೆದ ಹಾಗೆಯೇ ಎಲ್ಲ ಓದಿ ಹೇಳಿದರು. ಸರಿ ಇದೆ ಅಂದೆ. ರುಜು ಹಾಕಿದೆ. ಹೆಬ್ಬೆಟ್ಟಲ್ಲ, ಮುನಿಶಾಮಮ್ಮ ಎಂದು ಪೂರ್ತಿ.

ನೀನು ಹೇಳಿದ್ದು ನಿಜ. ಅಲ್ಲಿ ಕೇಳುತ್ತಾರೆ.

ಅವ್ವ


ಬಿಜಾಪುರ
5-2-2007

ಅವ್ವನಿಗೆ ನಮಸ್ಕಾರ.

ನಿನ್ನ ಕಾಗದವನ್ನು ಆಫೀಸಿನಲ್ಲಿ ನನ್ನ ಪಕ್ಕ ಕೂರುವ ರಂಜನಿಗೂ ಓದಿ ಹೇಳಿದೆ. ನಿಮ್ಮ ಅಜ್ಜಿಯನ್ನು ಒಂದು ಸಲ ನೋಡಬೇಕು ಅಂದಳು. ನಕ್ಕದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡ, ಕೋರ್ಟಿನಲ್ಲಿ ಜನ ಬೇಜಾರಿಗೆ ನಗುತ್ತಾರೆ. ಇಲ್ಲಿ ಕೆಲಸ ಜಾಸ್ತಿ, ಇಷ್ಟೇ ಬರೆಯುತ್ತೇನೆ.

ತನುಜ


ಎಗುವಪಾಳ್ಯ
11-11-2007

ತನುಜಮ್ಮನಿಗೆ,

ನಮ್ಮ ಜಿಲ್ಲೆ ಈಗ ಕೋಲಾರ ಅಲ್ಲವಂತೆ, ಚಿಕ್ಕಬಳ್ಳಾಪುರವಂತೆ. ಕಾಗದದ ಮೇಲೆ ಹಾಗೇ ಬರೆ. ಜಿಲ್ಲೆ ಬದಲಾಯಿತು, ನಮ್ಮ ವಾಯಿದೆ ಬದಲಾಗಲಿಲ್ಲ.

ಒಂದು ವಿಷಯ ನನಗೆ ತಿಳಿಯುತ್ತಿಲ್ಲ. ಹೋದ ವಾರ ಕೆಂಪರಾಜುವಿನ ಸಾಕ್ಷಿ ಇತ್ತು. ನನಗೆ ಕಾಲುನೋವು, ಹೋಗಿರಲಿಲ್ಲ. ಅವನು ಬಂದವನೇ ನಮ್ಮ ಮನೆ ಮುಂದೆ ಮಾತಾಡದೆ ಹೋದ. ಮಾರನೆಯ ದಿನ ರವಿಕೆ ಬಟ್ಟೆ ಕೊಡಲು ಹೋದರೆ ಮೆಷಿನ್ನಿನಿಂದ ತಲೆ ಎತ್ತಲಿಲ್ಲ.

"ಏನಪ್ಪಾ?" ಅಂದೆ.

"ನನ್ನ ಬಗ್ಗೆ ಕೋರ್ಟಲ್ಲಿ ಹಂಗೆ ಹೇಳ್ಬಿಟ್ಟು ಈಗ ಏನಪ್ಪಾ ಅಂತೀಯಲ್ಲ ಅವ್ವ."

"ನಾನು ಇದ್ದದ್ದು ಹೇಳ್ದೆ. ನೀನು ಅಡಿಗಿದ್ದು ನಿಜ ತಾನೇ?"

ಕತ್ತರಿ ಕೆಳಗಿಟ್ಟು ನನ್ನನ್ನೇ ನೋಡಿದ. "ಕೋರ್ಟಿನ ಕಾಗದದಲ್ಲಿ ಐತೆ, ಆ ಕಡೆ ಲಾಯರು ಓದಿ ತೋರಿಸ್ದ ನನಗೆ. ನಾನು ನಂಬಲಿಲ್ಲ. ಈಗ ನೀನೇ ಬಾಯ್ಬಿಟ್ಟು ಅಂತೀಯ" ಅಂದ. ಬಟ್ಟೆ ವಾಪಸ್ ಕೊಟ್ಟ.

ನನಗೆ ಅನಿಸುವುದು ಇಷ್ಟು. ಶ್ಯಾಮಲಮ್ಮನ ಕಡೆಯವರು ಅವನಿಗೆ ಏನೋ ತಲೆಗೆ ತುಂಬಿದ್ದಾರೆ. ತಾನು ಆಫೀಸರನ್ನು ಕೇಳಿದ್ದೇ ಸುಳ್ಳು ಅನ್ನಬೇಕು ಎಂದು ಅವನಿಗೆ ಈಗ ಆಸೆ. ಅದಕ್ಕೇ ನಾನು ನಿಜ ಹೇಳಿದ್ದು ಕಹಿಯಾಗಿದೆ. ಇಂಥವನನ್ನು ನಂಬಿದೆವಲ್ಲ.

ಅವ್ವ


ಎಗುವಪಾಳ್ಯ
3-2-2008

ತನುಜಮ್ಮನಿಗೆ,

ನವೆಂಬರಿನಲ್ಲಿ ಬರೆದ ಕಾಗದಕ್ಕೆ ಉತ್ತರ ಇಲ್ಲ. ಸರ್ಕಾರಿ ಕೆಲಸದವಳು, ಅವ್ವನ ಊರಜಗಳ ನಿನಗೆ ಯಾಕೆ. ನನ್ನ ಸಾಕ್ಷಿ ಓದಿ ನಿನ್ನ ಜೊತೆಯವರೆಲ್ಲ ನಗುತ್ತಿದ್ದಾರೇನೋ. ನಗಲಿ.

ಕೆಂಪರಾಜುವಿಗೆ ಊರಿನಲ್ಲಿ ಹೊಸ ಹೆಸರು ಬಿದ್ದಿದೆ. ಕನ್ನಡದ ಮೇಷ್ಟ್ರು ಒಬ್ಬರು ಇಟ್ಟರಂತೆ, "ಅಡಗಿದಪ್ಪ" ಎಂದು. ಅವನು ಕೊಳಾಯಿ ಹತ್ತಿರ ಬಂದರೆ ಹುಡುಗರು ಗೋಡೆಯ ಹಿಂದೆ ಹೋಗಿ ಇಣುಕುತ್ತಾರೆ. ಇದರಲ್ಲಿ ನಗುವಂಥದ್ದು ಏನಿದೆ ಎಂದು ನನಗೆ ಗೊತ್ತಾಗಲಿಲ್ಲ. ಕೊಂಡಮ್ಮ ನನ್ನನ್ನು ನೋಡಿ ಬಾಗಿಲು ಹಾಕಿಕೊಳ್ಳುತ್ತಾಳೆ.

ಅವ್ವ


ಬಿಜಾಪುರ
20-2-2008

ಅವ್ವನಿಗೆ ತನುಜಳ ನಮಸ್ಕಾರ.

ನೀನು ತಪ್ಪು ತಿಳಿದಿದ್ದೀಯ. ನವೆಂಬರಿನ ಕಾಗದ ಓದಿದ ದಿನವೇ ನನಗೆ ಗೊತ್ತಾಯಿತು. ಗೊತ್ತಾಗಿದ್ದಕ್ಕೇ ಬರೆಯಲಿಲ್ಲ.

ಅವ್ವ, ನಮ್ಮ ಮನೆಯಲ್ಲಿ ಅಡಿಗಿದ ಅಂದರೆ ಕೇಳಿದ. ಕನ್ನಡದಲ್ಲಿ ಅಡಗಿದ ಅಂದರೆ ಬಚ್ಚಿಟ್ಟುಕೊಂಡ, ಅವಿತುಕೊಂಡ. ನೀನು ಕೆಂಪರಾಜು ಮಾವ ಕೇಳಿದ ಅಂದೆ. ಕೋರ್ಟಿನಲ್ಲಿ ಅದನ್ನು ಅವಿತುಕೊಂಡ ಎಂದು ಬರೆದಿದ್ದಾರೆ. ಓದಿ ಹೇಳಿದಾಗ ನಿನ್ನ ಕಿವಿಗೆ ನಿನ್ನ ಮಾತೇ ಕೇಳಿಸಿತು, ಅದಕ್ಕೆ ಸರಿ ಇದೆ ಅಂದೆ. ಎಷ್ಟು ಸಲ ಎಂದು ಆ ಲಾಯರು ಕೇಳಿದ್ದು, ಎಷ್ಟು ಸಲ ಅವಿತುಕೊಂಡ ಎಂದು. ಎರಡು ಸಲ, ಎಲ್ಲರ ಮುಂದೆ, ಅಂದೆ ನೀನು. ಅದಕ್ಕೆ ನಕ್ಕರು.

ಮಾವ ಮಾಗಡಿಯವರು. ಕಾಗದದಲ್ಲಿ ಓದಿದರು, ಆಮೇಲೆ ನಿನ್ನ ಬಾಯಿಂದಲೂ ಅದೇ ಮಾತು ಕೇಳಿದರು. ಅವರನ್ನು ಯಾರೂ ಕೊಂಡುಕೊಂಡಿಲ್ಲ ಅವ್ವ.

ಇಲ್ಲಿ ನಮ್ಮ ಶಿರಸ್ತೇದಾರರನ್ನು ಕೇಳಿದೆ. "ಕೋರ್ಟಿನ ನೌಕರರು ಮನೆಯವರ ಕೇಸಿನಲ್ಲಿ ಬಾಯಿ ಹಾಕಬಾರದು, ಕೆಲಸಕ್ಕೆ ಕುತ್ತು" ಅಂದರು. ಮೂರು ತಿಂಗಳು ಹೆದರಿ ಕೂತೆ. ಕೋರ್ಟಿಗೆ ಹೋಗಿ ಎಂದು ಹೇಳಿದವಳು ನಾನು, ಓದಿ ಹೇಳುತ್ತಾರೆ ಎಂದು ಭರವಸೆ ಕೊಟ್ಟವಳೂ ನಾನು.

ಅನಂತರಾಮಯ್ಯನವರಿಗೆ ಹೇಳು. ಸಾಕ್ಷಿಯನ್ನು ಮತ್ತೆ ಕರೆಸಲು ಅರ್ಜಿ ಹಾಕಬಹುದು. ಸಾಕ್ಷಿ ಮಾತು ತಿರುಗಿಸುತ್ತಿದ್ದಾಳೆ ಎಂದು ಆ ಕಡೆಯವರು ಕೂಗುತ್ತಾರೆ. ಅದಕ್ಕೆ ತಯಾರಾಗಿರು.

ತನುಜ


ಎಗುವಪಾಳ್ಯ
2-6-2008

ತನುಜಮ್ಮನಿಗೆ,

ನಿನ್ನ ಕಾಗದ ಓದಿ ಆ ದಿನ ಅನ್ನ ಸೇರಲಿಲ್ಲ. ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಓದಿದೆ. ಆ ಪದ ಪುಸ್ತಕದಲ್ಲಿ ಇತ್ತೋ ಇಲ್ಲವೋ, ನನ್ನ ತಲೆಯಲ್ಲಿ ಇರಲಿಲ್ಲ.

ನೇರವಾಗಿ ಕೆಂಪರಾಜುವಿನ ಅಂಗಡಿಗೆ ಹೋಗಿ ಹೇಳಿದೆ. ಕೇಳಿಸಿಕೊಂಡ. ಸೂಜಿಗೆ ದಾರ ಪೋಣಿಸುತ್ತಾ, "ನೀನು ಸುಳ್ಳು ಹೇಳಲ್ಲ ಅಂತ ನನಗೆ ಗೊತ್ತು ಅವ್ವ. ಆದ್ರೆ ನನಗೆ ಗೊತ್ತಾದ್ರೆ ಏನು ಬಂತು? ಹೇಳಿದ್ದು ಕೋರ್ಟಲ್ಲಿ, ಬಿಡಿಸೋದೂ ಕೋರ್ಟಲ್ಲೇ ಆಗ್ಬೇಕು" ಅಂದ. ಇದಾದ ಮೇಲೆ ಅಂಗಡಿ ಮುಚ್ಚಿದ. ಗೌರಿಬಿದನೂರಿನಲ್ಲಿ ಕೊಂಡಮ್ಮನ ಅಣ್ಣ ಇದ್ದಾನೆ, ಮೆಷಿನ್ನು ಎತ್ತಿಕೊಂಡು ಅಲ್ಲಿಗೆ ಹೋದರು.

ಅನಂತರಾಮಯ್ಯನವರಿಗೂ ಹೇಳಿದೆ. ಹಣೆ ಚಚ್ಚಿಕೊಂಡರು. "ನಾನು ಇದ್ದಿದ್ರೆ ಹಿಡೀತಿದ್ದೆ ಮುನಿಶಾಮಮ್ಮ" ಅಂದರು. ಇರಬೇಕಾಗಿತ್ತು ಸ್ವಾಮಿ ಅಂದೆ. ಮತ್ತೆ ಕರೆಸುವ ಅರ್ಜಿ ಹಾಕಿದ್ದಾರೆ. ಹಳೇ ಜಡ್ಜ್ ಸಾಹೇಬರಿಗೆ ವರ್ಗ, ಹೊಸಬರು ಬರಬೇಕು.

ಇನ್ನೊಂದು ವಿಷಯ ನಿನಗೆ ಬರೆದಿರಲಿಲ್ಲ. ನಿಮ್ಮಮ್ಮ ಗಟ್ಟಿಯಾಗಿದ್ದಾಳೆ ಎಂದು ಬರೆಯುತ್ತಾ ಬಂದೆ. ಅವಳು ಮೊದಲ ವರ್ಷವೇ "ಸಾಕು ಅತ್ತೆ, ಆ ಸೀಟು ಅವಳಿಗೇ ಇರ್ಲಿ" ಅಂದಿದ್ದಳು. ನಾನೇ ಬಿಡಲಿಲ್ಲ. ಈಗ ಅವಳು ಕೋರ್ಟಿಗೆ ಬರುವುದಿಲ್ಲ. ಸೀಟು ನನಗೂ ಬೇಡವಾಗಿದೆ. ಕೆಂಪರಾಜುವಿನ ತಲೆ ಮೇಲೆ ನಾನು ಇಟ್ಟ ಮಾತನ್ನು ಇಳಿಸಬೇಕು, ಅಷ್ಟೇ.

ಮೊನ್ನೆ ದೊಡ್ಡ ಎಲೆಕ್ಷನ್ ಆಯಿತಲ್ಲ, ನಾನು ಓಟಿಗೆ ಹೋಗಲಿಲ್ಲ. ಬಟನ್ ಒತ್ತಿದರೆ ಕುಯ್ಯ್ ಅನ್ನುತ್ತದಂತೆ, ಗೆರೆ ಇಲ್ಲ ಸೀಲು ಇಲ್ಲ, ಬಾರವ್ವ ಎಂದು ನಮ್ಮ ಬೀದಿಯ ಬಯ್ಯಪ್ಪ ಆಟೋ ತಂದಿದ್ದ. ಏನು ಅಂದರೂ ಎಣಿಸುವವರು ಅವರೇ ತಾನೇ ಎಂದು ವಾಪಸ್ ಕಳಿಸಿದೆ. ಇನ್ನು ಮುಂದೆಯೂ ಹೋಗುವುದಿಲ್ಲ.

ಅವ್ವ


ಬಿಜಾಪುರ
9-12-2008

ಅವ್ವನಿಗೆ ನಮಸ್ಕಾರ.

ಓಟಿಗೆ ಹೋಗದೆ ಇದ್ದದ್ದಕ್ಕೆ ನಾನು ಏನೂ ಹೇಳುವುದಿಲ್ಲ. ಹೇಳುವ ಮುಖ ಇಲ್ಲ.

ಮೊನ್ನೆ ಇಲ್ಲೊಂದು ಹೊಡೆದಾಟದ ಕೇಸು. ಸಾಕ್ಷಿ ಒಬ್ಬಳು ಮುದುಕಿ. "ಕುಡಗೋಲ ಬಾವ್ಯಾಗ ಒಗದಾನ್ರೀ" ಅಂದಳು. ನಮ್ಮ ಸಾಹೇಬರು ಮೈಸೂರಿನವರು, "ಕುಡುಗೋಲನ್ನು ಬಾವಿಯಲ್ಲಿ ತೊಳೆದನು" ಎಂದು ಬರೆಸಿದರು. ನಾನೂ ಹಾಗೇ ಟೈಪ್ ಮಾಡಲು ಕೈ ಇಟ್ಟೆ. ಒಗೆಯುವುದು ಅಂದರೆ ನಮಗೆ ಬಟ್ಟೆ ಒಗೆಯುವುದು ತಾನೇ. ನಿನ್ನ ನೆನಪಾಯಿತು. ಕೈ ತೆಗೆದೆ.

"ಯಾಕಮ್ಮ ನಿಲ್ಲಿಸಿದೆ?" ಅಂದರು.

"ಸರ್, ಆ ಪದಕ್ಕೆ ಇಲ್ಲಿ ಬೇರೆ ಅರ್ಥ ಇದೆಯೇನೋ ಗೊತ್ತಿಲ್ಲ. ಅವರನ್ನೇ ಕೇಳಬಹುದಾ?"

ಸಾಹೇಬರ ಮುಖ ಕೆಂಪಾಯಿತು, ಆದರೂ ಕೇಳಿದರು. ಇಲ್ಲಿ ಒಗೆಯುವುದು ಅಂದರೆ ಎಸೆಯುವುದಂತೆ ಅವ್ವ. ಕುಡುಗೋಲು ಇನ್ನೂ ಬಾವಿಯಲ್ಲೇ ಇದೆಯಂತೆ. ತಿದ್ದಿಸಿದರು. ಸಂಜೆ ಶಿರಸ್ತೇದಾರರು ಕರೆದು, ಟೈಪಿಸ್ಟ್ ಕೆಲಸ ಟೈಪ್ ಮಾಡುವುದು ಎಂದು ಬುದ್ಧಿ ಹೇಳಿದರು.

ಇದಕ್ಕೆ ಮುಂಚೆ ಎಷ್ಟು ಪದಗಳನ್ನು ಹೀಗೆ ದಾಟಿಬಿಟ್ಟಿದ್ದೇನೋ. ಅದನ್ನು ಯೋಚಿಸಲು ಹೋಗುವುದಿಲ್ಲ.

ತನುಜ


ಎಗುವಪಾಳ್ಯ
15-7-2009

ತನುಜಮ್ಮನಿಗೆ,

ಕೇಸು ಮುಗಿಯಿತು. ಸೋತೆವು.

ಫೆಬ್ರವರಿಯಲ್ಲಿ ನನ್ನನ್ನು ಮತ್ತೆ ಕರೆದಿದ್ದರು. ತೀರ್ಪು ಬರಲಿ ಎಂದು ನಿನಗೆ ಬರೆದಿರಲಿಲ್ಲ. ಹೊಸಬರು ಜಡ್ಜಮ್ಮ, ಮಂಗಳೂರಿನ ಕಡೆಯವರು. "ಅವತ್ತು ಓದಿ ಹೇಳಿದಾಗ ಸರಿ ಇದೆ ಅಂತ ಯಾಕೆ ಹೇಳಿದ್ರಿ?" ಎಂದು ಕೇಳಿದರು. "ಸರಿಯಾಗೇ ಕೇಳಿಸ್ತು ತಾಯಿ" ಅಂದೆ.

ಆ ಕಡೆ ಲಾಯರು ಬಿಡುತ್ತಾನೆಯೇ. "ಎರಡು ವರ್ಷ ಆದ್ಮೇಲೆ ಅರ್ಥ ಬದಲಾಯ್ತೇನಜ್ಜಿ?"

"ಅರ್ಥ ಇದ್ದಲ್ಲೇ ಇತ್ತು. ಏನು ಅಂತ ನೀವು ಯಾರೂ ಅಡಿಗಲಿಲ್ಲ."

ಟೈಪಿಸ್ಟ್ ಹುಡುಗಿ ಕೈ ನಿಲ್ಲಿಸಿ ಜಡ್ಜಮ್ಮನನ್ನು ನೋಡಿದಳು. ಜಡ್ಜಮ್ಮ, "ಕೇಳಲಿಲ್ಲ ಅಂತ ಬರೀರಿ" ಅಂದರು. ಈ ಸಲ ಯಾರೂ ನಗಲಿಲ್ಲ. ಲಾಯರು ಕೂತ.

ಮೊನ್ನೆ ತೀರ್ಪು. ಅನಂತರಾಮಯ್ಯನವರು ಓದಿ ಹೇಳಿದರು. ಮತ್ತೆ ಎಣಿಸಬೇಕೆಂದು ಕೆಂಪರಾಜು ಬಾಯಲ್ಲಿ ಕೇಳಿದ್ದನೆಂಬುದನ್ನು ನಂಬದಿರಲು ಕಾರಣವಿಲ್ಲ. ಆದರೆ ಹಾಗೆ ಕೇಳುವಾಗ ಬರವಣಿಗೆಯಲ್ಲಿ ಕೊಡಬೇಕಿತ್ತು, ಕೊಟ್ಟಿಲ್ಲ. ಅದಕ್ಕೆ ಅರ್ಜಿ ವಜಾ. ಹಾಗಾದರೆ ನನ್ನ ಮಾತು ಸರಿ ಬರೆದಿದ್ದರೂ ಸೋಲುತ್ತಿದ್ದೆವಾ ಎಂದು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡರು. ಮೇಲಿನ ಕೋರ್ಟಿಗೆ ಹೋಗೋಣವೇ ಅಂದರು. ಶ್ಯಾಮಲಮ್ಮನ ಅವಧಿ ಮುಗಿಯುತ್ತಾ ಬಂತು ಸ್ವಾಮಿ, ಅವಳ ಖಾಲಿ ಕುರ್ಚಿಗೆ ಬಡಿದಾಡುವುದೇ ಅಂದೆ.

ತೀರ್ಪಿನ ನಕಲು ಮಾತ್ರ ಬೇಕು ಅಂದೆ. ಅದಕ್ಕೂ ಅರ್ಜಿ ಹಾಕಬೇಕಂತೆ.

ಅವ್ವ


ಎಗುವಪಾಳ್ಯ
8-11-2009

ತನುಜಮ್ಮನಿಗೆ,

ಕಾಲಿನ ಊತ ಸ್ವಲ್ಪ ಇಳಿದಿತ್ತು, ನಕಲು ತೆಗೆದುಕೊಂಡು ಗೌರಿಬಿದನೂರಿಗೆ ಹೋಗಿ ಬಂದೆ. ಚಿಂತಾಮಣಿಯಲ್ಲಿ ಒಂದು ಬಸ್ಸು, ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನವರ ಮಧ್ಯೆ ನಿಂತುಕೊಂಡು ಒಂದು ಬಸ್ಸು, ಚಿಕ್ಕಬಳ್ಳಾಪುರದಲ್ಲಿ ಇನ್ನೊಂದು. ನಿಮ್ಮಮ್ಮ ಬೇಡ ಅತ್ತೆ, ಪೋಸ್ಟಿಗೆ ಹಾಕಿ ಅಂದಳು. ಪೋಸ್ಟಿಗೆ ಹಾಕುವಂಥ ಕಾಗದವೇ ಅದು?

ಕೆಂಪರಾಜು ಬಟ್ಟೆ ಅಂಗಡಿಯೊಂದರ ಜಗಲಿಯಲ್ಲಿ ಮೆಷಿನ್ ಇಟ್ಟುಕೊಂಡಿದ್ದಾನೆ. ಕೂದಲು ನೆರೆತಿದೆ. ನನ್ನನ್ನು ನೋಡಿ ಸ್ಟೂಲು ಎಳೆದು ಹಾಕಿದ. ಆ ಸಾಲಿನ ಮೇಲೆ ಬೆರಳಿಟ್ಟು, "ಓದಪ್ಪ" ಅಂದೆ.

ಓದಿದ. ಮತ್ತೊಂದು ಸಲ ಓದಿದ.

"ನಂಬದಿರಲು ಕಾರಣವಿಲ್ಲ ಅಂತ ಬರ್ದವ್ರೆ. ನಂಬ್ತೀವಿ ಅಂತ ಬರೆಯಕ್ಕೆ ಏನು ಕಷ್ಟ ಅವ್ವ ಇವ್ರಿಗೆ?"

"ಅಷ್ಟೇ ಕೊಡೋದು ಅವರು. ತಗೋ. ಕೊಂಡಮ್ಮನ್ನ ಕರ್ಕೊಂಡು ಊರಿಗೆ ಬಾ."

"ಬರಲ್ಲ."

"ಕಾಗದ ಬಂತಲ್ಲೋ."

"ಇದನ್ನ ಊರಲ್ಲಿ ಯಾರು ಓದ್ತಾರೆ? ಅಡಗಿದಪ್ಪ ಅನ್ನೋಕೆ ಅವ್ರು ಯಾವ ಕಾಗದಾನೂ ಓದಿರ್ಲಿಲ್ಲ" ಅಂದ. ಕೋಪದಿಂದ ಹೇಳಲಿಲ್ಲ. ಹೇಳಿ, ಯಾರದೋ ಪ್ಯಾಂಟಿನ ತುದಿ ಮಡಿಸಿ ಹೊಲಿಯುತ್ತಾ ಕೂತ. ಇಷ್ಟು ವರ್ಷ ಓಡಾಡಿ ಒಂದು ಪದ ತಿದ್ದಿಸಿದೆ, ಅದು ತಿದ್ದಿದ್ದು ಕಾಗದದಲ್ಲಿ ಮಾತ್ರ. ಕೊಂಡಮ್ಮ ಟೀ ತಂದುಕೊಟ್ಟಳು. ಬಾಗಿಲು ಹಾಕಿಕೊಳ್ಳಲಿಲ್ಲ, ಅಷ್ಟಾಯಿತು.

ಬಸ್ಸಿಗೆ ಹೊರಟಾಗ ಸ್ಟ್ಯಾಂಡಿನವರೆಗೂ ಬಂದ. ಬಸ್ಸು ಹತ್ತಿಸುವಾಗ ಕೇಳಿದ.

"ಅವ್ವ, ಊರಿನ ಓಟಿನ ಲಿಸ್ಟಲ್ಲಿ ನನ್ನ ಹೆಸರು ಇನ್ನೂ ಐತಾ?"

"ಐತೆ. ಇಲ್ಲಿಗೆ ಬದಲಾಯಿಸ್ಕೋ, ಇಲ್ಲಾಂದ್ರೆ ಎರಡೂ ಕಡೆ ಹೋಗುತ್ತೆ."

"ಬದಲಾಯಿಸಲ್ಲ. ಬರೋ ವರ್ಷ ಪಂಚಾಯ್ತಿ ಎಲೆಕ್ಷನ್ ಅಲ್ವಾ? ಅವತ್ತು ಬರ್ತೀನಿ. ಬೆಳಿಗ್ಗೆನೇ ಬಂದು ಸಾಲಲ್ಲಿ ನಿಲ್ತೀನಿ. ಮೇಷ್ಟ್ರೂ ನೋಡ್ಲಿ, ಆ ಹುಡುಗರೂ ನೋಡ್ಲಿ. ಒಳಗೆ ಹೋಗಿ ಯಾರಿಗೆ ಒತ್ತುತೀನೋ ಅದು ನನ್ನ ಇಷ್ಟ. ಸಾಲಲ್ಲಿ ನಿಂತೋನ್ನ ಅಡಗಿದ ಅಂತ ಹೆಂಗಂತಾರೆ?"

ಬಸ್ಸು ಹೊರಟಿತು. ಚಿಕ್ಕಬಳ್ಳಾಪುರದವರೆಗೂ ಅದನ್ನೇ ಯೋಚಿಸಿದೆ. ಗೆಲ್ಲುತ್ತೇವೆಂದು ಅವನಿಗೆ ನಂಬಿಕೆ ಇಲ್ಲ, ಸರಿಯಾಗಿ ಎಣಿಸುತ್ತಾರೆಂದೂ ಇಲ್ಲ. ಬಿಸಿಲಿನಲ್ಲಿ ನಾಲ್ಕು ಜನರ ಕಣ್ಣಿಗೆ ಬಿದ್ದು ನಿಲ್ಲುವ ಜಾಗ ಅದೊಂದೇ ಉಳಿದಿದೆ ಅವನಿಗೆ.

ಓಟಿಗೆ ಹೋಗುವುದಿಲ್ಲ ಎಂದು ನಿನಗೆ ಬರೆದಿದ್ದೆ. ಈಗ ವಿಧಿಯಿಲ್ಲ. ಸ್ಕೂಲಿನ ಮುಂದೆ ಹೆಂಗಸರ ಸಾಲು ಒಂದು ಕಡೆ, ಗಂಡಸರದು ಒಂದು ಕಡೆ ನಿಲ್ಲಿಸುತ್ತಾರೆ. ಅವನನ್ನು ನೋಡಿ ಯಾರಾದರೂ ಕಿಸಕ್ ಅಂದರೆ ಈ ಕಡೆಯಿಂದ ಉತ್ತರ ಕೊಡಲು ನಾನು ನನ್ನ ಸಾಲಿನಲ್ಲಿ ಇರಬೇಕಲ್ಲ. ಕನ್ನಡದಲ್ಲಿ ಕೊಡಬೇಕೋ ತೆಲುಗಿನಲ್ಲಿ ಕೊಡಬೇಕೋ ಅವತ್ತು ನೋಡುತ್ತೇನೆ.

ಮಂಡಿ ಮತ್ತೆ ಊದಿದೆ. ಸಾಲು ಬೇಗ ಸರಿಯುವ ಹಾಗೆ ಏನಾದರೂ ಮಾಡಿ ಎಂದು ನಿಮ್ಮ ಸರ್ಕಾರದವರಿಗೆ ಒಂದು ಕಾಗದ ಬರೆ. ಬರವಣಿಗೆಯಲ್ಲಿ ಕೊಡು.

ನಿನ್ನ ಅವ್ವ
ಮುನಿಶಾಮಮ್ಮ